ಮೂರನೆಯ ಕೂಗು

"ಕೆಂಪಸಿದ್ದಯ್ಯ ಬಿನ್ ಮರಿಸಿದ್ದಯ್ಯ..."

ಮದ್ದೂರು ಕೋರ್ಟಿನ ಬಾಗಿಲಲ್ಲಿ ನಿಂತು ಜವಾನ ಚಿಕ್ಕಮಾದು ಮೊದಲ ಸಲ ಕೂಗಿದಾಗ, ಕಂಬಕ್ಕೆ ಒರಗಿದ್ದ ಪುಟ್ಟಮಾದಮ್ಮ ನೆಟ್ಟಗೆ ಕೂತಳು. ಚಿಕ್ಕಮಾದುವಿನದು ಕಂಚಿನ ಕಂಠ. ಯಾರ ಹೆಸರನ್ನೇ ಆಗಲಿ ಅಪ್ಪನ ಹೆಸರಿನ ಜೊತೆ ಸೇರಿಸಿ, ಕೊನೆಯ ಅಕ್ಷರವನ್ನು ಸಾಕಷ್ಟು ಎಳೆದು ಬಿಡುತ್ತಾನೆ. ಅದು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಟೈಪ್ ಹೊಡೆಯುವವರು ಕೂರುವ ಮರದ ನೆರಳಿನ ತನಕ ಹೋಗುತ್ತದೆ. ಅವನು ಎರಡನೆಯ ಸಲ ಕೂಗುತ್ತಿದ್ದಂತೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಪುಟ್ಟಮಾದಮ್ಮ ತಿರುಗಿ ನೋಡಿದಳು. ಯಾರೋ ಗುಮಾಸ್ತ ಫೈಲುಗಳನ್ನು ಅವಚಿಕೊಂಡು ಹತ್ತಿ ಬರುತ್ತಿದ್ದ. ಮೂರನೆಯದನ್ನೂ ಕೂಗಿ ಚಿಕ್ಕಮಾದು ಒಳಗೆ ಹೋದ.

ಅವಳ ಗಂಡ ಕೆಂಪಸಿದ್ದಯ್ಯ ಸತ್ತು ಮೂರು ವರ್ಷವಾಗಿತ್ತು.

ಎದುರಿನ ಬೆಂಚಿನ ಮೇಲೆ ಪ್ರತಿವಾದಿ ಶಿವಣ್ಣ ಕೂತಿದ್ದ. ಇಬ್ಬರದೂ ಒಂದೇ ಊರು, ಬೆಸಗರಹಳ್ಳಿಯಿಂದ ಇನ್ನೂ ಒಳಕ್ಕೆ. ವಾಯ್ದೆಯ ದಿನ ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುತ್ತಾರೆ, ಮಾತಿಲ್ಲ ಕತೆಯಿಲ್ಲ. ಕೆಂಪಸಿದ್ದಯ್ಯನನ್ನು ಮಣ್ಣು ಮಾಡಿದ ದಿನ ಶಿವಣ್ಣನೂ ಬಂದು ಹೊಂಗೆಮರದ ಕೆಳಗೆ ಒಬ್ಬನೇ ನಿಂತಿದ್ದ. ಅಂದಮೇಲೆ ಅವನಿಗೆ ಗೊತ್ತು. ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಕೋರ್ಟಿಗೆ ಮಾತ್ರ. ಶಿವಣ್ಣ ತನ್ನ ವಕೀಲರ ಕಿವಿಗೆ ಒಂದು ಮಾತು ಹಾಕಿದ್ದರೆ ದಾವೆ ಎಂದೋ ಬಿದ್ದುಹೋಗಿರುತ್ತಿತ್ತು. ಯಾಕೆ ಹಾಕಿಲ್ಲ ಎನ್ನುವುದು ಪುಟ್ಟಮಾದಮ್ಮನಿಗೆ ತಿಳಿಯದು. ಪ್ರತಿ ವಾಯ್ದೆಗೂ ಅವಳು ಸೆರಗಲ್ಲಿ ಕೆಂಡ ಕಟ್ಟಿಕೊಂಡವಳ ಹಾಗೆ ಬಂದು ಕೂರುತ್ತಾಳೆ. ಹೆಸರು ಕೂಗುತ್ತಾರೆ, ಶಿವಣ್ಣ ಅವಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸುತ್ತಾನೆ, ಆಮೇಲೆ ಬೆಂಚಿನ ತುದಿಗೆ ಸರಿದು ಪಕ್ಕದಲ್ಲಿ ಒಬ್ಬ ಆಳು ಕೂರುವಷ್ಟು ಜಾಗ ಬಿಡುತ್ತಾನೆ.

ಆ ಜಾಗ ಕೆಂಪಸಿದ್ದಯ್ಯನದು. ಊರಿನಲ್ಲಿ ಶಿವಣ್ಣನ ಮನೆಯ ಜಗುಲಿ ಮೇಲೆ ಅವನು ಕೂತದ್ದಿಲ್ಲ, ಕೂರು ಎಂದವರೂ ಇಲ್ಲ. ಆದರೆ ಕೋರ್ಟಿನ ಕಾರಿಡಾರಿನಲ್ಲಿ ಗಾಳಿ ಬರುವುದು ಒಂದೇ ಬೆಂಚಿಗೆ. ದಾವೆ ಹೂಡಿದ ಮೊದಲ ದಿನವೇ ಕೆಂಪಸಿದ್ದಯ್ಯ ಟವಲು ಕೊಡವಿ ಹಾಸಿಕೊಂಡು ಶಿವಣ್ಣನ ಪಕ್ಕದಲ್ಲೇ ಕೂತಿದ್ದ. ಶಿವಣ್ಣ ಎದ್ದು ಹೋಗಲಿಲ್ಲ. ಎದ್ದರೆ ಗಾಳಿ ತಪ್ಪುತ್ತಿತ್ತು. ವರ್ಷಗಟ್ಟಲೆ ಹಾಗೆ ಕೂತರು. ಮನೆಗೆ ಬಂದು ಕೆಂಪಸಿದ್ದಯ್ಯ ನಗುತ್ತಿದ್ದ. "ಗೆಲ್ತೀನೋ ಸೋಲ್ತೀನೋ ಗೊತ್ತಿಲ್ಲ ಕಣಮ್ಮಿ, ಗೌಡನ್ ಪಕ್ಕ ಕುಂತಂತೂ ಬತ್ತಾ ಇವ್ನಿ" ಎನ್ನುತ್ತಿದ್ದ.

ವ್ಯಾಜ್ಯ ಇದ್ದದ್ದು ನಾಲೆ ಪಕ್ಕದ ಹತ್ತು ಗುಂಟೆಗೆ. ಕೆಂಪಸಿದ್ದಯ್ಯನ ಅಪ್ಪ ಮರಿಸಿದ್ದಯ್ಯನಿಗೆ ಸರ್ಕಾರ ಕೊಟ್ಟಿದ್ದ ನೆಲದ ಅಂಚು ಅದು. ಆ ಕಡೆಯದು ಶಿವಣ್ಣನ ಕಬ್ಬಿನ ಗದ್ದೆ. ಯಾವುದೋ ಕಾಲದಲ್ಲಿ ನಡುವಿನ ಬಾಂದುಕಲ್ಲು ಸರಿದಿದೆ ಎಂದು ಕೆಂಪಸಿದ್ದಯ್ಯ, ಇದ್ದಲ್ಲೇ ಇದೆ ಎಂದು ಶಿವಣ್ಣ. ಅಳೆದು ವರದಿ ಕೊಡಿ ಎಂದು ಕೋರ್ಟು ಸರ್ವೆಯವರಿಗೆ ಹೇಳಿತು. ಸರ್ವೆಯವರು ಬರಲಿಲ್ಲ, ಬಂದವರು ಚೈನು ತಂದಿರಲಿಲ್ಲ, ಚೈನು ತಂದ ವರ್ಷ ಕಬ್ಬು ಆಳೆತ್ತರ ನಿಂತಿತ್ತು. ದಾವೆ ಅಲ್ಲೇ ಕಾಲು ಚಾಚಿ ಮಲಗಿತು.

ಆಗ ಊರಿನ ಯಜಮಾನ ಚಿಕ್ಕಬೋರಯ್ಯ ಇಬ್ಬರನ್ನೂ ಕರೆಸಿದ. "ಇಂಗೇ ಓಡಾಡ್ಕಂಡಿದ್ರೆ ನೀವಿಬ್ರೂ ಸವ್ದೋಯ್ತೀರಿ. ಮುತ್ತತ್ತೀಲಿ ನಿಂತು ಪ್ರಮಾಣ ಮಾಡಿ, ಮುಗಿಸ್ಕಳಿ" ಅಂದ. ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ, ಕೆಂಪಸಿದ್ದಯ್ಯನ ಮಗಳು ನಾಗಮಣಿಗೆ ಕೋಪ ಬಂತು. ಅವಳೂ ಅಳಿಯನೂ ಬೌದ್ಧ ದೀಕ್ಷೆ ತೆಗೆದುಕೊಂಡವರು. ಕೋರ್ಟಿಗೆ ಹೋದವನು ಮತ್ತೆ ದೇವರ ಮುಂದೆ ಯಾಕೆ ಕೈಕಟ್ಟಿ ನಿಲ್ಲಬೇಕು ಅಂದಳು. "ದೇವ್ರು ಇರ್ಲಿ, ಇಲ್ದೆ ಇರ್ಲಿ, ನಾನ್ ಯೋಳದು ನಿಜ ಅಲ್ವಾ ಮಗ? ನೀರಲ್ ನಿಂತ್ಕಂಡ್ ಯೋಳುದ್ರೆ ಅದೇನ್ ಸುಳ್ಳಾದದಾ?" ಅಂದು ಕೆಂಪಸಿದ್ದಯ್ಯ ಹೊರಟ.

ಪುಟ್ಟಮಾದಮ್ಮನೂ ಹೋಗಿದ್ದಳು. ಕಾವೇರಿಯಲ್ಲಿ ಮುಳುಗೆದ್ದು, ಸೊಂಟದ ತನಕ ನೀರಲ್ಲಿ ಇಬ್ಬರೂ ಅಕ್ಕಪಕ್ಕ ನಿಂತರು. ಚಿಕ್ಕಬೋರಯ್ಯ ತನ್ನ ಅಂಗೈ ಮೇಲೆ ವೀಳ್ಯದೆಲೆ ಇಟ್ಟು ಕರ್ಪೂರ ಹಚ್ಚಿದ. ಸ್ವಲ್ಪ ದೂರದಲ್ಲಿ ಪ್ರವಾಸ ಬಂದವರು ಕೋಳಿ ಸಾರು ಕಾಯಿಸುತ್ತ ಫೋನಲ್ಲಿ ಹಾಡು ಹಾಕಿಕೊಂಡಿದ್ದರು. ಕೆಂಪಸಿದ್ದಯ್ಯ "ನೆಲ ನಂದು" ಎಂದು ಕೈಯಿಂದ ಕರ್ಪೂರ ಆರಿಸಿದ. ಮತ್ತೆ ಹಚ್ಚಿದರು. ಶಿವಣ್ಣನೂ "ನೆಲ ನಂದು" ಎಂದು ಆರಿಸಿದ. ಸುಳ್ಳಾಡಿದವನನ್ನು ವರ್ಷ ತುಂಬುವುದರೊಳಗೆ ಮುತ್ತತ್ತಿರಾಯ ನೋಡಿಕೊಳ್ಳುತ್ತಾನೆ ಎಂದು ಚಿಕ್ಕಬೋರಯ್ಯ ಹೇಳಿದ. ಬರುವಾಗ ಒಂದೇ ಟೆಂಪೋದಲ್ಲಿ ಬಂದರು.

ವರ್ಷ ತುಂಬಿರಲಿಲ್ಲ. ಗದ್ದೆಗೆ ನೀರು ಕಟ್ಟುತ್ತಿದ್ದ ಕೆಂಪಸಿದ್ದಯ್ಯ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತವನು ಏಳಲಿಲ್ಲ. ಹಾಲುತುಪ್ಪ ಬಿಡುವ ಮೊದಲೇ ಚಿಕ್ಕಬೋರಯ್ಯ ಟೀ ಅಂಗಡಿಯಲ್ಲಿ ಹೇಳಿಬಿಟ್ಟ, "ಮುತ್ತತ್ತಿರಾಯ ತೀರ್ಮಾನ ಕೊಟ್ಬುಟ್ಟ ಕಣ್ರಲಾ." ಊರು ಒಪ್ಪಿತು. ಊರಿಗೆ ಅಷ್ಟು ಸಾಕು. ನಾಲೆಯ ಹತ್ತಿರ ಬಟ್ಟೆ ಒಗೆಯುವಾಗ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ರಜೆಗೆ ಬಂದಿದ್ದ ನಾಗಮಣಿಯ ಮಗನನ್ನು ಊರಿನ ಹುಡುಗರು ಸುಳ್ಳು ಪ್ರಮಾಣದ ಮನೆಯವನು ಎಂದರಂತೆ. ಗಂಡ ಹೋದದ್ದನ್ನು ಹೇಗೋ ತಡೆದುಕೊಂಡ ಪುಟ್ಟಮಾದಮ್ಮನಿಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಬದುಕಿದ್ದ ತನಕ ಒಂದೇ ಒಂದು ಸುಳ್ಳು ಹೇಳಿದವನಲ್ಲ ಎಂದು ಅವಳೇನೂ ಹೇಳುವುದಿಲ್ಲ. ಬೀಡಿ ಬಿಟ್ಟೆ ಎಂದು ಎಷ್ಟು ಸಲ ಹೇಳಿದ್ದನೋ. ಆದರೆ ಆ ನೀರಲ್ಲಿ ಹೇಳಿದ್ದು ನಿಜ. ಅದನ್ನು ಯಾರಾದರೂ, ಎಲ್ಲರಿಗೂ ಕೇಳುವ ಹಾಗೆ, ಒಂದು ಸಲ ಹೇಳಬೇಕಿತ್ತು.

ಸತ್ತ ಮೇಲಿನ ಮೊದಲ ವಾಯ್ದೆಗೆ, ವಿಷಯ ತಿಳಿಸಿಬರುತ್ತೇನೆಂದೇ ಅವಳು ಕೋರ್ಟಿಗೆ ಹೋದದ್ದು. ಬಸ್ಸಿನಲ್ಲಿ ಯಾರೋ ಹೇಳಿದರು: ದಾವೆ ಹಾಕಿದವನು ಸತ್ತರೆ ದಾವೆಯೂ ಸತ್ತ ಹಾಗೇ. ಸತ್ತ ಎನ್ನುವ ಕಾರಣಕ್ಕೆ ಊರು ಅವನನ್ನು ಸೋಲಿಸಿತ್ತು. ಅದೇ ಕಾರಣಕ್ಕೆ ಕೋರ್ಟೂ ಸೋಲಿಸಿದರೆ? ಹೇಳುವುದೋ ಬಿಡುವುದೋ ಎಂದು ಕಂಬದ ಹತ್ತಿರ ನಿಂತಿರುವಾಗಲೇ ಚಿಕ್ಕಮಾದು ಕೂಗಿದ, "ಕೆಂಪಸಿದ್ದಯ್ಯ ಬಿನ್ ಮರಿಸಿದ್ದಯ್ಯ..."

ಮದುವೆಯಾದ ಮೇಲೆ ಅವಳು ಗಂಡನ ಹೆಸರು ಹೇಳಿದವಳಲ್ಲ. ಅವಳ ಕಾಲದ ಹೆಂಗಸರು ಯಾರೂ ಹೇಳಿದವರಲ್ಲ. ನಮ್ಮೋರು, ಇವ್ರು, ನಾಗಮಣಿ ಅಪ್ಪ, ಅಷ್ಟೇ. ಊರಿನಲ್ಲಿ ಅವನನ್ನು ಸಿದ್ದ ಎಂದು ಕರೆಯುತ್ತಿದ್ದರು. ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರಿನ ಜೊತೆ, ಮೂರು ಸಲ, ಇಷ್ಟು ಗಟ್ಟಿಯಾಗಿ ಕರೆದದ್ದು ಈ ಕಾರಿಡಾರಿನಲ್ಲಿ ಮಾತ್ರ. ಇಲ್ಲಿ ಅವನು ಸತ್ತಿರಲಿಲ್ಲ. ಕರೆದರೆ ಬರಬೇಕಾದವನಾಗಿಯೇ ಇದ್ದ. ಅವಳ ವಕೀಲ ಜಯಪ್ರಕಾಶ್ ಹೊರಗೆ ಬಂದು, "ಯಜಮಾನ್ರು ಬರ್ಲಿಲ್ವಾ?" ಎಂದು ಕೇಳಿದರು. "ಮೈಯಾಗೆ ಉಸಾರಿಲ್ಲ ಸ್ವಾಮಿ" ಎಂದುಬಿಟ್ಟಳು. ಅಲ್ಲಿಂದ ಪ್ರತಿ ಸಲವೂ ಅವರು ಹೇಗಿದ್ದಾರೆ ಎನ್ನುವುದು, ಅವಳು "ಅಂಗೇ ಅವ್ರೆ" ಎನ್ನುವುದು, ಮುಂದಿನ ವಾಯ್ದೆ ಬೀಳುವುದು. ಕೈತುಂಬ ಕೇಸಿರುವ ವಕೀಲರಿಗೆ ಅದಕ್ಕಿಂತ ಹೆಚ್ಚು ಕೇಳುವ ಪುರುಸೊತ್ತಿರಲಿಲ್ಲ.

ಮನೆಯಿಂದ ಹೊಲಕ್ಕೆ ಹೋಗುವಾಗ ಅವಳು ಇನ್ನೊಂದನ್ನು ಕಂಡಿದ್ದಳು. ಶಿವಣ್ಣನ ಗದ್ದೆಯ ಕಬ್ಬು ಎಂದಿನಂತೆ ದಟ್ಟವಾಗಿ ನಿಲ್ಲುತ್ತಿತ್ತು, ಆದರೆ ಅಂಚಿನ ಆ ಹತ್ತು ಗುಂಟೆಗೆ ಮೂರು ವರ್ಷದಿಂದ ನೇಗಿಲು ಬಿದ್ದಿರಲಿಲ್ಲ. ಪಾರ್ಥೇನಿಯಂ ಬೆಳೆದು ಹೂಬಿಟ್ಟು ಒಣಗಿ ಮತ್ತೆ ಬೆಳೆಯುತ್ತಿತ್ತು. ಕೋರ್ಟಿನ ತಡೆ ಇರಬೇಕು ಎಂದುಕೊಂಡಿದ್ದಳು.

ಅವತ್ತು ಮೂರನೆಯ ಕೂಗು ಮುಗಿದ ಮೇಲೆ ಜಯಪ್ರಕಾಶ್ ಒಳಗಿನಿಂದ ಬಂದವರು ಎಂದಿನ ಹಾಗೆ ಕೈಯಾಡಿಸಿ ಹೋಗಲಿಲ್ಲ. ಅವಳ ಪಕ್ಕ ನಿಂತು ಕೋಟಿನ ಗುಂಡಿ ಬಿಚ್ಚಿಕೊಂಡರು.

"ನೋಡಮ್ಮ, ಹಳೇ ಕಾಲ ಮುಗೀತು. ಸಿವಿಲ್ ಕೇಸು ನಡೆಸೋ ನಿಯಮಾನೇ ಬದಲಾಯ್ಸಿದ್ದಾರೆ. ಬೇಕಾದಾಗ ವಾಯ್ದೆ ತಗೊಳ್ಳೋ ಹಾಗಿಲ್ಲ. ಯಾವತ್ತು ಏನು ಆಗ್ಬೇಕು ಅಂತ ಜಡ್ಜೇ ಮೊದಲೇ ದಿನ ಹಾಕ್ತಾರೆ, ಎರಡು ವರ್ಷದೊಳಗೆ ಮುಗೀಬೇಕು. ಅದಕ್ಕೂ ಮುಂಚೆ ಇಬ್ಬರೂ ಮಧ್ಯಸ್ಥಿಕೆಗೆ ಕೂರ್ಬೇಕು. ಹಳೇ ದಾವೆಗಳನ್ನೂ ಅದಕ್ಕೇ ಕಳಿಸ್ತಾ ಇದ್ದಾರೆ."

"ನೀವೇ ಕುಂತ್ಕಳಿ ಸ್ವಾಮಿ."

"ನಾನು ಕೂತ್ರೆ ಆಗಲ್ಲ. ಕಕ್ಷಿದಾರರೇ ಖುದ್ದು ಬರ್ಬೇಕು. ಕಾರ್ ಮಾಡಿ, ಎತ್ಕೊಂಡಾದ್ರೂ ಬನ್ನಿ. ಯಜಮಾನ್ರು ಬಂದ್ಬಿಟ್ರೆ ಇದು ಒಂದೇ ದಿನದ ಕೆಲಸ."

ಪುಟ್ಟಮಾದಮ್ಮ ತಲೆಯಾಡಿಸಿದಳು. ಬೆಂಚಿನ ಮೇಲಿದ್ದ ಶಿವಣ್ಣನಿಗೂ ಮಾತು ಕೇಳಿಸಿತ್ತು. ಅವನು ಖಾಲಿ ಜಾಗವನ್ನು ಟವಲಿನಿಂದ ಒರೆಸುತ್ತಿದ್ದ.

ಭಾನುವಾರ ಮಳವಳ್ಳಿಗೆ ಹೋದಳು. ನಾಗಮಣಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗೋಡೆ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಅಪ್ಪನ ಫೋಟೊ. ಪುಟ್ಟಮಾದಮ್ಮ ಹೇಳಬೇಕಾದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ನಾಗಮಣಿ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವ್ವನ ಮುಖ ನೋಡಿದಳು. ಅವ್ವ ತನ್ನ ಹೆಸರನ್ನೋ ಮಗಳ ಹೆಸರನ್ನೋ ಅಪ್ಪನ ಜಾಗಕ್ಕೆ ಹಾಕಿಸಿರುತ್ತಾಳೆ ಎಂದೇ ಅವಳು ತಿಳಿದಿದ್ದಳು.

"ಮೂರು ವರ್ಷ ಅಪ್ಪನ್ನ ಆ ಕಾರಿಡಾರಲ್ಲೇ ನಿಲ್ಸಿದ್ದೀಯಲ್ಲವ್ವ" ಅಂದಳು.

"ನಿಲ್ಸಿವ್ನಿ. ಯೋಳುದ್ರೆ ಕೇಸು ಓಯ್ತದೆ. ಕೇಸು ಓದ್ರೆ ಬೋರಯ್ಯ ಯೋಳಿದ್ದೇ ನಿಜ ಆಯ್ತದೆ."

"ಕೇಸು ಹಂಗೆಲ್ಲ ಹೋಗಲ್ಲ ಕಣವ್ವ. ಸತ್ತೋರ ಜಾಗಕ್ಕೆ ಮನೆಯೋರ ಹೆಸರು ಸೇರಿಸ್ತಾರೆ. ಅದಕ್ಕೆ ಇಂತಿಷ್ಟು ದಿನ ಅಂತಿರುತ್ತೆ, ನೀನು ದಾಟಿಸಿಬಿಟ್ಟಿದ್ದೀಯ. ಈಗ ತಡ ಆಯ್ತು, ಮನ್ನಿಸಿ ಅಂತ ಕೇಳ್ಕೋಬೇಕು. ಶಿವಣ್ಣನ ಕಡೆಯೋರು ಬೇಡ ಅಂದ್ರೆ ಏನಾಗುತ್ತೋ ಹೇಳಕ್ಕಾಗಲ್ಲ."

"ಅವ್ರು ಯಾಕ್ ಬ್ಯಾಡ ಅನ್ನಕಿಲ್ಲ?"

ನಾಗಮಣಿ ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮಧ್ಯಸ್ಥಿಕೆಯ ದಿನ ಅವಳಿಗೆ ಪರೀಕ್ಷೆಯ ಕೆಲಸವಿತ್ತು, ರಜೆ ಸಿಗುತ್ತಿರಲಿಲ್ಲ. "ನಿಜ ಹೇಳ್ಬಿಡು, ಆಮೇಲೆ ನೋಡ್ಕೊಳ್ಳೋಣ" ಎಂದು ಬಸ್ಸು ಹತ್ತಿಸಿದಳು. ಕಿಟಕಿಯ ಪಕ್ಕ ಕೂತ ಪುಟ್ಟಮಾದಮ್ಮ, ಕಂಡಕ್ಟರು ಎಷ್ಟು ಟಿಕೆಟ್ಟು ಎಂದು ಕೇಳಿದಾಗ ಎರಡು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಮಧ್ಯಸ್ಥಿಕೆಯ ಕೋಣೆ ಕೋರ್ಟಿನ ಹಿಂಭಾಗದಲ್ಲಿತ್ತು. ಹೊಸದಾಗಿ ಸುಣ್ಣ ಬಳಿದ ವಾಸನೆ ಇನ್ನೂ ಹೋಗಿರಲಿಲ್ಲ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ, ಬಾಗಿಲಲ್ಲಿ ಚಿಕ್ಕಮಾದುವೂ ಇಲ್ಲ. ಒಂದು ದುಂಡು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮಂಡ್ಯದಿಂದ ಬಂದಿದ್ದ ಮಧ್ಯಸ್ಥಗಾರ್ತಿ ಅರುಂಧತಿ ಕನ್ನಡಕದ ಮೇಲಿನಿಂದ ನೋಡಿ ಕೂರಲು ಹೇಳಿದರು. ಶಿವಣ್ಣ ಒಂದು ಕುರ್ಚಿ ಬಿಟ್ಟು ಆಚೆಯದರಲ್ಲಿ ಕೂತ. ಪುಟ್ಟಮಾದಮ್ಮ ಬಾಗಿಲ ಬಳಿಯದರಲ್ಲಿ ಕೂತಳು. ನಡುವಿನದು ಉಳಿಯಿತು. ಮೊದಲು ಕಕ್ಷಿದಾರರ ಜೊತೆಗೇ ಮಾತಾಡುತ್ತೇನೆಂದು ವಕೀಲರಿಬ್ಬರನ್ನೂ ಅರುಂಧತಿ ಹೊರಗೆ ಕಳಿಸಿದ್ದರು.

"ಇಲ್ಲಿ ಏನು ಬೇಕಾದ್ರೂ ಮಾತಾಡಿ. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಲ್ಲ. ನಾನು ಜಡ್ಜಿಗೂ ಹೇಳಲ್ಲ, ನೀವೂ ಕೋರ್ಟಲ್ಲಿ ಎತ್ತೋ ಹಾಗಿಲ್ಲ. ಹಾಗಂತ ನಿಯಮಾನೇ ಇದೆ" ಎಂದು ಅವರು ಶುರುಮಾಡಿದರು. "ಕೆಂಪಸಿದ್ದಯ್ಯನವರು ಎಲ್ಲಮ್ಮ?"

"ಮೈಯಾಗೆ ಉಸಾರಿಲ್ಲ ಕಣವ್ವ." ಮೂರು ವರ್ಷದ ರೂಢಿ, ಅದೇ ಬಾಯಿಗೆ ಬಂತು.

ಶಿವಣ್ಣ ನಡುವಿನ ಕುರ್ಚಿಯನ್ನು ನೋಡುತ್ತಿದ್ದ. ಅವನ ಗದ್ದದ ನರೆತ ಕೂದಲು ಬೆಳೆದಿತ್ತು, ಅಂಗಿಯ ಕಾಲರು ಕೊರಳಿಗಿಂತ ದೊಡ್ಡದಾಗಿತ್ತು. ಇಷ್ಟು ಹತ್ತಿರದಿಂದ ಅವನನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಮೇಡಂ," ಅಂದ ಶಿವಣ್ಣ. "ಮಾತ್ಯಾಕೆ? ಆ ಹತ್ತು ಗುಂಟೆ ಅವನ್ದೆ. ಬರ್ಕಳಿ."

ಅರುಂಧತಿ ತಲೆಯೆತ್ತಿದರು. ಇಷ್ಟು ಬೇಗ ಮುಗಿದ ವ್ಯಾಜ್ಯವನ್ನು ಅವರು ನೋಡಿರಲಿಲ್ಲ. "ಯೋಚನೆ ಮಾಡಿ ಹೇಳ್ತಾ ಇದ್ದೀರಾ?"

"ಯೋಚ್ನೆ ಬುಟ್ಟು ಬ್ಯಾರೆ ಏನೂ ಮಾಡಿಲ್ಲ. ಬಾಂದ್ಕಲ್ ಕಿತ್ತು ಈಚೆಗ್ ನೆಟ್ಟಿದ್ದು ನಮ್ಮಪ್ಪ. ಆರೆಕೋಲ್ ಇಡ್ದಿದ್ದು ನಾನು. ಅಪ್ಪನ್ ಮರ್ಯಾದೆ ಓಯ್ತದೆ ಅಂತ ಮುತ್ತತ್ತೀಲಿ ಕರ್ಪೂರ ಆರ್ಸ್ದೆ. ಅವ್ನೂ ಆರ್ಸ್ದ. ಅವ್ನು ನಿಜ ಯೋಳ್ದ, ನಾನ್ ಸುಳ್ ಯೋಳ್ದೆ." ಅವನು ಕರ್ಪೂರ ಆರಿಸಿದ ಕೈಯನ್ನು ಮೇಜಿನ ಮೇಲಿಟ್ಟ. "ಸುಳ್ ಯೋಳ್ದೋನು ವರ್ಷ ತುಂಬ್ಸಕಿಲ್ಲ ಅಂದಿದ್ರು. ನಾನ್ ಉಳ್ಕಂಡೆ. ಅದ್ಯಾಕ್ ಉಳ್ಸ್ದ ಮುತ್ತತ್ತಿರಾಯ ಅಂತ ಗೊತ್ತಾಗ್ತಿಲ್ಲ. ಕೋರ್ಟಲ್ಲಿ ಸಿದ್ದನ್ ಎಸ್ರು ಕೂಗ್ದಾಗೆಲ್ಲ ಮೆಟ್ಲತ್ತಿ ಬಂದಂಗಾಯ್ತದೆ. ಬಂದು ಪಕ್ಕದಲ್ಲೇ ಕುಂತ್ಕತಾನೆ. ಏನೂ ಕೇಳಕಿಲ್ಲ, ಬೈಯಕಿಲ್ಲ. ಟವಲ್ ಕೊಡವ್ಕಂಡು ಕುಂತ್ಕತಾನೆ ಅಷ್ಟೇಯ."

ಪುಟ್ಟಮಾದಮ್ಮನ ಕೈ ಸೆರಗಿನ ತುದಿಯನ್ನು ಹಿಡಿದು ಹಿಂಡುತ್ತಿತ್ತು. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದು ತನಗೊಬ್ಬಳಿಗೇ ಕೇಳುತ್ತದೆ ಎಂದು ಅವಳು ತಿಳಿದಿದ್ದಳು.

ಅರುಂಧತಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮುದುಕ ಹಳೆಯ ಪಾಪಪ್ರಜ್ಞೆಯಲ್ಲಿ ಏನೋ ಹೇಳುತ್ತಿದ್ದಾನೆ, ರಾಜಿಯಂತೂ ಕುದುರಿತು ಎಂದುಕೊಂಡು ಕಾಗದ ತೆಗೆದರು. "ತುಂಬ ಒಳ್ಳೇದಾಯ್ತು. ರಾಜಿ ಪತ್ರಕ್ಕೆ ಇಬ್ಬರದೂ ಸಹಿ ಬೇಕು. ಕೆಂಪಸಿದ್ದಯ್ಯನವರಿಗೆ ಏಳಕ್ಕಾಗದಿದ್ರೂ ಪರವಾಗಿಲ್ಲ, ಈಗ ವಿಡಿಯೊದಲ್ಲಿ ಬಂದ್ರೂ ನಡೆಯುತ್ತೆ. ಒಪ್ಪಿಗೆ ಅಂತ ಒಂದು ಮಾತು ಹೇಳ್ಲಿ, ಸಹಿ ನಾನೇ ಊರಿಗೆ ಬಂದು ಹಾಕಿಸ್ಕೋತೀನಿ. ಫೋನ್ ಮಾಡಮ್ಮ, ಮನೇಲಿ ಯಾರಾದ್ರೂ ಇದ್ರೆ ಅವರ ಮುಂದೆ ಹಿಡೀಲಿ." ತಮ್ಮ ಫೋನನ್ನೇ ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು.

ಫೋನಿನ ಕರಿ ಗಾಜಿನಲ್ಲಿ ಮೇಲಿನ ಫ್ಯಾನು ತಿರುಗುತ್ತಿತ್ತು. ಪುಟ್ಟಮಾದಮ್ಮ ಅದನ್ನು ನೋಡಿದಳು. ಶಿವಣ್ಣನನ್ನು ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಹೇಳಬೇಡ ಎನ್ನುವ ಹಾಗಿತ್ತು ಅವನ ಮುಖ. ನೆಲ ಬೇಕಾದರೆ ಸತ್ತವನನ್ನು ಸತ್ತ ಎನ್ನಬೇಕಿತ್ತು.

"ನಮ್ಮೋರು ಇಲ್ಲ ಕಣವ್ವ. ತೀರ್ಕಂಡ್ರು."

"ಯಾರು?"

"ನಮ್ಮೋರು."

ಅರುಂಧತಿ ಪೆನ್ನು ಕೆಳಗಿಟ್ಟರು. ಮೆಲ್ಲಗೆ ಕೇಳಿದರು. "ನೀವೇ ಹೆಸರು ಹಿಡಿದು ಹೇಳ್ಬೇಕಮ್ಮ. ಬೇರೆ ಏನೂ ಬರೆಯದಿದ್ರೂ ಇದನ್ನ ಮಾತ್ರ ನಾನು ಕೋರ್ಟಿಗೆ ತಿಳಿಸ್ಲೇಬೇಕು. ಯಾರು ತೀರ್ಕೊಂಡಿದ್ದು?"

ಆ ಹೆಸರನ್ನು ಹೇಗೆ ಶುರುಮಾಡಬೇಕೆಂದೇ ನಾಲಿಗೆಗೆ ಗೊತ್ತಿರಲಿಲ್ಲ. ಅದು ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿಯಲ್ಲಿ. "ಕೆಂಪಸಿದ್ದಯ್ಯ ಬಿನ್ ಮರಿಸಿದ್ದಯ್ಯ" ಎಂದಳು, ಚಿಕ್ಕಮಾದು ಎಳೆಯುವ ಹಾಗೆಯೇ ಕೊನೆಯ ಅಕ್ಷರವನ್ನು ಎಳೆದು. ಧ್ವನಿ ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಮಣ್ಣು ಮಾಡಿದ ದಿನ ಬಾರದೆ ಉಳಿದ ಅಳು ಅದು.

ಶಿವಣ್ಣ ಎದ್ದು ನಿಂತಿದ್ದ. ಯಾಕೆ ಎದ್ದೆ ಎಂದು ಅವನಿಗೂ ತಿಳಿದಂತಿರಲಿಲ್ಲ. ಅರುಂಧತಿ ನೀರು ಕೊಟ್ಟರು. ಮೊದಲು ಅವಳ ಹೆಸರು ದಾವೆಗೆ ಸೇರಬೇಕು, ತಡವಾದ್ದಕ್ಕೆ ಅರ್ಜಿ ಕೊಡಬೇಕು, ಶಿವಣ್ಣ ತಕರಾರು ಮಾಡದಿದ್ದರೆ ಅದೂ ಆಗುತ್ತದೆ, ಆಮೇಲೆ ರಾಜಿ ಎಂದು ನಿಧಾನವಾಗಿ ವಿವರಿಸಿದರು. ತಕರಾರಿಲ್ಲ ಎಂದು ಶಿವಣ್ಣ ಕೈಯಾಡಿಸಿದ.

ಪುಟ್ಟಮಾದಮ್ಮ ಕಣ್ಣೊರೆಸಿಕೊಂಡಳು. "ರಾಜಿ ಕಾಗ್ದದಲ್ಲಿ ಸುಳ್ ಪ್ರಮಾಣ ನಮ್ಮೋರ್ದಲ್ಲ ಅಂತ ಬರೀತೀರಾ?"

"ಅದೆಲ್ಲ ಬರಲ್ಲಮ್ಮ. ಇಬ್ಬರೂ ಒಪ್ಪಿ ಮುಗಿಸ್ಕೊಂಡ್ರು ಅಂತಿರುತ್ತೆ. ಯಾರು ಸರಿ, ಯಾರು ತಪ್ಪು ಅಂತ ಬರೆಯಲ್ಲ. ಆಗ್ಲೇ ಹೇಳಿದ್ನಲ್ಲ, ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ."

"ಅಂಗಾರೆ ನಂಗೆ ಏನ್ ಸಿಕ್ಕಂಗಾಯ್ತು?"

"ಹತ್ತು ಗುಂಟೆ ಸಿಗುತ್ತಲ್ಲಮ್ಮ."

"ಅದ್ರಲ್ಲೇನ್ ಸತ್ತೋರು ಉಳ್ತಾರಾ?" ಅವಳು ಶಿವಣ್ಣನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವನ ಜೊತೆ ಆಡಿದ ಮೊದಲ ಮಾತು ಅದು. "ಗೌಡ್ರೇ, ನಾಕ್ ಗೋಡೆ ಒಳ್ಗೆ ನೀವ್ ಯೋಳಿದ್ದು ನಂಗೂ ಗೊತ್ತಿತ್ತು, ನಿಮ್ಗೂ ಗೊತ್ತಿತ್ತು. ಬೋರಯ್ಯನ್ ಮುಂದೆ ಯೋಳಿ. ನೀವ್ ಯೋಳಕಿಲ್ಲ ಅಂದ್ರೆ ನಾನ್ ಸೈನ್ ಹಾಕಕಿಲ್ಲ. ನಡೀಲಿ ಕೇಸು."

ಶಿವಣ್ಣ ಟವಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಊರಿನಲ್ಲಿ ಅಪ್ಪನ ಹೆಸರಿನ ಅರಳಿಕಟ್ಟೆ ಇರುವವನು, ಎರಡು ಸಲ ಸೊಸೈಟಿ ಅಧ್ಯಕ್ಷನಾಗಿದ್ದವನು. ಅವನು ಹೇಳಲಾರ ಎಂದೇ ಅವಳಿಗೆ ಅನ್ನಿಸಿತು. ಹೊರಗೆ ಜಯಪ್ರಕಾಶ್ ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಅಂಗೇ ಅವ್ರೆ, ಅಂಗೇ ಅವ್ರೆ ಅಂತಿದ್ರಲ್ಲಮ್ಮ" ಅಂದರು. ಬೈಯಲು ಹೊರಟವರು ಅವಳ ಮುಖ ನೋಡಿ ಅರ್ಜಿ ಬರೆಯಲು ಕೂತರು.

ಅರ್ಜಿ ಮಂಜೂರಾಗುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ರಾಜಿಯೋ ವಿಚಾರಣೆಯೋ ಎಂದು ಜಡ್ಜು ಕೇಳುವ ದಿನ ನಾಗಮಣಿ ರಜೆ ಹಾಕಿ ಅವ್ವನ ಜೊತೆ ಬಂದಳು. ಮಧ್ಯೆ ಶಿವಣ್ಣ ಊರಿನಲ್ಲಿ ಕಂಡರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಬೆಳಗಿನ ಬಸ್ಸಿನಲ್ಲೂ ಅವನಿರಲಿಲ್ಲ. ಪುಟ್ಟಮಾದಮ್ಮ ಕಂಬಕ್ಕೆ ಒರಗಿ, ಇನ್ನು ವಿಚಾರಣೆಯೇ ಸೈ ಎಂದುಕೊಂಡಳು. ಅಲ್ಲಿಯ ತನಕ ತಾನು ಬದುಕಿರಬೇಕಷ್ಟೆ.

ಮುಂದಿನ ಬಸ್ಸಿಗೆ ಶಿವಣ್ಣ ಬಂದ. ಅವನ ಹಿಂದೆ, ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ಕೋಲೂರಿಕೊಂಡು ಚಿಕ್ಕಬೋರಯ್ಯ ಹತ್ತಿ ಬಂದ.

"ಏನೋ ಯೋಳ್ಬೇಕು ಬಾ ಅಂದ. ಊರಲ್ಲೇ ಯೋಳ್ಲಾ ಅಂದ್ರೆ ಕೇಳ್ನಿಲ್ಲ" ಎಂದು ಚಿಕ್ಕಬೋರಯ್ಯ ಯಾರಿಗೂ ಅಲ್ಲದ ಹಾಗೆ ಹೇಳಿ, ಗಾಳಿ ಬರುವ ಬೆಂಚಿನ ನಡುವೆ ಕೂರಲು ಹೋದ.

"ಅಲ್ಲಿ ಬ್ಯಾಡ ಬೋರಣ್ಣ" ಅಂದ ಶಿವಣ್ಣ. "ಈ ಕಡೆ ಬಾ."

ಒಂದು ತುದಿಯಲ್ಲಿ ಚಿಕ್ಕಬೋರಯ್ಯನೂ ಅವನಿಗೆ ಅಂಟಿಕೊಂಡು ಶಿವಣ್ಣನೂ ಕೂತರು. ಉಳಿದ ಜಾಗ ಖಾಲಿಯಿತ್ತು. ಚಿಕ್ಕಮಾದು ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡ.

"ಪುಟ್ಟಮಾದಮ್ಮ ಕೋಂ ಲೇಟ್ ಕೆಂಪಸಿದ್ದಯ್ಯ..."

ಅವಳು ಏಳಲಿಲ್ಲ. ನಾಗಮಣಿ ಮೊಣಕೈಯಿಂದ ತಿವಿದಳು. "ಏಳವ್ವ, ನಿನ್ನೇ ಕೂಗ್ತಾವ್ರೆ."

"ಇರು ಮಗ."

ಎರಡನೆಯ ಸಲ ಕೂಗಿದ. ಶಿವಣ್ಣ ಚಿಕ್ಕಬೋರಯ್ಯನ ಕಡೆ ತಿರುಗಿದ. "ಬೋರಣ್ಣ, ಅವತ್ತು ಮುತ್ತತ್ತೀಲಿ ಸುಳ್ ಪ್ರಮಾಣ ಮಾಡಿದ್ದು ಸಿದ್ದ ಅಲ್ಲ. ನಾನು."

"ಏನ್ಲಾ ಅಂದೆ?"

ಶಿವಣ್ಣ ಎದ್ದು ನಿಂತು, ಮೆಟ್ಟಿಲ ತನಕ ಇದ್ದವರೆಲ್ಲ ತಿರುಗುವಷ್ಟು ಗಟ್ಟಿಯಾಗಿ ಅದನ್ನೇ ಮತ್ತೆ ಹೇಳಿದ. ಚಿಕ್ಕಬೋರಯ್ಯ ತನ್ನ ಬಲಗೈಯ ಅಂಗೈ ಬಿಚ್ಚಿ ನೋಡಿಕೊಂಡ. ಅಲ್ಲೇನೂ ಇರಲಿಲ್ಲ. ಕರ್ಪೂರದ ಕಲೆ ಎಂದೋ ಹೋಗಿತ್ತು.

ಮೂರನೆಯ ಸಲ ಚಿಕ್ಕಮಾದು ಎಂದಿಗಿಂತ ನಿಧಾನವಾಗಿ ಕೂಗಿದ. ಅವಳ ಹೆಸರಿನ ಹಿಂದೆ ಗಂಡನ ಹೆಸರು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಮರದ ನೆರಳಿನ ತನಕ ಹೋಗಿ ನಿಲ್ಲುವವರೆಗೆ ಪುಟ್ಟಮಾದಮ್ಮ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ನಡೆದಳು. ಬಾಗಿಲಲ್ಲಿ ಒಮ್ಮೆ ತಿರುಗಿದಾಗ ಶಿವಣ್ಣ ಮತ್ತೆ ಕೂತಿದ್ದ. ಹೆಗಲ ಮೇಲಿದ್ದ ಟವಲು ತೆಗೆದು ಕೊಡವಿ, ಪಕ್ಕದ ಖಾಲಿ ಜಾಗಕ್ಕೆ ಹಾಸುತ್ತಿದ್ದ.